ಒಂದು ವರ್ಷದ ಸರ್ಟಿಫಿಕೇಟು

ಅಮರೇಶನ ಕಾರು ಮೂರನೆಯ ಸಲವೂ ಹೊಗೆ ಪರೀಕ್ಷೆಯಲ್ಲಿ ಫೇಲಾಯಿತು. ವರ್ತೂರಿನ ರಸ್ತೆಬದಿಯಲ್ಲಿ ನಿಂತ ಪರೀಕ್ಷಾ ವ್ಯಾನಿನೊಳಗೆ ಕುಳಿತಿದ್ದ ಹೇಮಲತಾ, ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಅಂಕಿಗಳನ್ನು ಓದುವವನಂತೆ ನಟಿಸಿ, ಅವಳು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ನನ್ನು ನೋಡಿದನು.

"ಮೆಕ್ಯಾನಿಕ್ ಅಂತೀರ. ನಿಮ್ಮ ಕಾರೇ ಹಿಂಗೆ."

"ಹಳೇ ಗಾಡಿ ಐತ್ರಿ. ಮುಂದಿನ ವಾರ ಮತ್ತ ತರ್ತೀನಿ."

ಮೊದಲ ಸಲ ಬಂದಾಗ ಅವನ ಕಾರಿನಲ್ಲಿ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ಅವನ ಗ್ಯಾರೇಜಿಗೆ ವೈಟ್‌ಫೀಲ್ಡಿನ ಹುಡುಗರು ಬರುತ್ತಿದ್ದುದೇ ಅದನ್ನು ತೆಗೆಸಿ, ಸದ್ದಿಗಾಗಿ ಬರಿಯ ಪೈಪು ಹಾಕಿಸಿಕೊಳ್ಳಲು; ಅವನೂ ಹಾಕಿಕೊಂಡಿದ್ದನು. "ಅಣ್ಣ, ನೀವು ಹೊಗೆ ಬಿಟ್ಟು ಹೋಗ್ತೀರ. ಬೆಳಗ್ಗಿಂದ ಸಾಯಂಕಾಲದವರೆಗೂ ಅದನ್ನ ಕುಡಿಯೋಳು ನಾನು" ಎಂದಿದ್ದಳು ಅವಳು. ಮರುದಿನವೇ ಅವನು ಕನ್ವರ್ಟರನ್ನು ಮರಳಿ ಕೂರಿಸಿ ಹೊರಟನು. ಪಾಸಾದರೆ ಇನ್ನೊಂದು ವರ್ಷ ಇತ್ತ ಬರಲು ಕಾರಣವೇ ಇರದು ಎಂಬುದು ದಾರಿಯಲ್ಲಿ ಹೊಳೆಯಿತು. ಕೆರೆಯ ಕೋಡಿಯ ಬಳಿ ನಿಲ್ಲಿಸಿ, ಆಕ್ಸಿಜನ್ ಸೆನ್ಸರಿನ ವೈರನ್ನು ಕಿತ್ತನು. ಆ ಸೆನ್ಸರಿಲ್ಲದೆ ಎಂಜಿನ್ನಿಗೆ ಪೆಟ್ರೋಲಿನ ಅಳತೆ ತಿಳಿಯದು, ಹೊಗೆ ಕೆಡುತ್ತದೆ. ಆ ದಿನ ಅವಳು ಅವನನ್ನು ಅಣ್ಣ ಎನ್ನಲಿಲ್ಲ. ಇಂದೂ ಎಂದಿರಲಿಲ್ಲ.

"ಮುಂದಿನ ವಾರ ನಾನಿರಲ್ಲ" ಎಂದಳು ಹೇಮಲತಾ. "ನಾಳೆಯಿಂದ ವ್ಯಾನು ಎಲೆಕ್ಟ್ರಾನಿಕ್ ಸಿಟಿಗೆ. ಓನರ್ ಅಲ್ಲಿ ಜಾಗ ನೋಡಿದಾರೆ. ನಾನೂ ಅಲ್ಲೇ ಅಕ್ಕನ ಮನೇಲಿರ್ತೀನಿ."

ಅವನು ಕೈಯಲ್ಲಿದ್ದ ಕೀಲಿಯನ್ನು ತಿರುಗಿಸುತ್ತ ನಿಂತನು. ಅವಳು ವ್ಯಾನಿನಿಂದ ಇಳಿದಳು.

"ಬಾನೆಟ್ ತೆಗೀರಿ. ಆ ವೈರ್ ಹಾಕಿ."

"ಯಾವ್ ವೈರ್ ರೀ?"

"ಎರಡು ಸಲ ಕಿತ್ತು ತಂದ್ರಲ್ಲ, ಅದೇ. ಆರು ವರ್ಷದಿಂದ ಹೊಗೆ ನೋಡ್ತಿದೀನಿ ಕಣ್ರೀ. ತಾನಾಗೇ ಕೆಟ್ಟಿದ್ದು ಯಾವುದು, ಬೇಕಂತ ಕೆಡಿಸಿದ್ದು ಯಾವುದು, ಅಷ್ಟೂ ಗೊತ್ತಾಗಲ್ವ?"

"ಗೊತ್ತಿದ್ದೂ ಯಾಕ್ ಹೇಳ್ಲಿಲ್ರಿ?"

"ಹೇಳಿದ್ರೆ ಹಾಕ್ಬಿಡ್ತಿದ್ರಲ್ಲ."

ಅವನು ಬಾನೆಟ್ಟಿನೊಳಗೆ ಬಾಗಿದನು. ಒಂದು ಕ್ಷಣದ ಕೆಲಸಕ್ಕೆ ಬಹಳ ಹೊತ್ತು ಹಿಡಿಯಿತು. ಮರುಪರೀಕ್ಷೆಯಲ್ಲಿ ಕಾರು ಪಾಸಾಯಿತು.

ಪಾಸಾದರೂ ಫೇಲಾದರೂ ಪರೀಕ್ಷೆಗೆ ನಂಬರ್ ಪ್ಲೇಟಿನ ಫೋಟೋ ಬೇಕು, ಪಾಸಾದರೆ ಅದೇ ಸರ್ಟಿಫಿಕೇಟಿನಲ್ಲಿ ಅಚ್ಚಾಗುತ್ತದೆ. ಹಿಂದಿನ ಸಲಗಳಲ್ಲಿ ಅವಳು ಪ್ಲೇಟಿನ ಮೇಲೆ ನೆರಳು ಬೀಳದಂತೆ ಆಚೆ ಈಚೆ ಸರಿದು, ಅವನನ್ನೂ ದೂರ ಸರಿಸಿ ಫೋಟೋ ತೆಗೆದಿದ್ದಳು. ಈಗ ಇಳಿಬಿಸಿಲಿಗೆ ಬೆನ್ನುಕೊಟ್ಟು ಮೊಬೈಲು ಎತ್ತಿದಳು.

"ನೆರಳು ಬೀಳಾಕತ್ತೇತ್ರಿ" ಎಂದನು ಅಮರೇಶ.

"ಬೀಳ್ಲಿ ಬಿಡಿ."

ಕೆರೆಯ ಕೋಡಿಯ ಬಳಿ ಅವನು ಕಾರು ನಿಲ್ಲಿಸಿ ಕಾಗದವನ್ನು ಬಿಡಿಸಿದನು. ಮೂಲೆಯ ಪುಟ್ಟ ಫೋಟೋದಲ್ಲಿ, ನಂಬರಿನ ಪಕ್ಕ, ಕಾರಿಗೆ ಒರಗಿದಂತೆ ಒಬ್ಬ ಹೆಣ್ಣಿನ ನೆರಳಿತ್ತು. ಕಿವಿಯ ಹಿಂದೆ ಪೆನ್ನು ಕೂಡ. ಅದರ ಕೆಳಗೆ ಮುಂದಿನ ವರ್ಷದ ಇದೇ ದಿನಾಂಕ ಅಚ್ಚಾಗಿತ್ತು.