ಗೋಡೆ ಮೇಲಿನ ದೊಡ್ಡಕ್ಕ

ಬೆಳಿಗ್ಗೆ ಹತ್ತು ಗಂಟೆಗೆಲ್ಲ ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನ ಗೋಡೆಗೆ ಯಾರೋ ಹಾರ ಹಾಕಿಬಿಟ್ಟಿದ್ದರು. ಕೆಳಗೆ ಎರಡು ಊದುಬತ್ತಿ ಬೇರೆ. ಗೋಡೆಯ ತುಂಬ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ ದೊಡ್ಡಕ್ಕನ ಮುಖ. ಆ ಚಿತ್ರ ಮುಗಿಸಿ ನಿನ್ನೆ ಸಂಜೆಯಷ್ಟೇ ಬ್ರಷ್ ತೊಳೆದಿದ್ದ ಸಾನಿಯಾ, ಉಳಿದ ಬಣ್ಣದ ಡಬ್ಬಿ ಒಯ್ಯಲು ಬಂದವಳು, ನಿಂತಲ್ಲೇ ನಿಂತುಬಿಟ್ಟಳು.

"ಛೇ ಛೇ, ಎಂಥ ಜೀವ!" ಟೀ ಅಂಗಡಿಯ ಈರೇಶ್ ಲೊಚಗುಟ್ಟಿದ. "ಬೆಳಿಗ್ಗೆನೇ ಸ್ಟೇಟಸ್ ಹಾಕ್ದೆ ನೋಡಮ್ಮ. ಎಷ್ಟೊತ್ತಿಗೆ ಹೋತಂತೆ?"

"ಯಾರು ಹೋಗಿದ್ದು ಈರೇಶಣ್ಣ?"

"ದೊಡ್ಡಕ್ಕ! ಫೋಟೋ ಬರೆದಾಕಿ ನೀನು, ನನ್ನ ಕೇಳ್ತೀಯಲ್ಲ!"

ಸಾನಿಯಾ ಹಾರವನ್ನೊಮ್ಮೆ, ಊದುಬತ್ತಿಯನ್ನೊಮ್ಮೆ ನೋಡಿದಳು. ಜನರನ್ನೇನು ಬೈಯುವುದು? ಈ ಊರಲ್ಲಿ ಮನುಷ್ಯರ ಮುಖ ಇಷ್ಟು ದೊಡ್ಡದಾಗುವುದು ಎರಡೇ ಸಲ. ಒಂದು, ಲೀಡರುಗಳ ಹುಟ್ಟುಹಬ್ಬಕ್ಕೆ. ಇನ್ನೊಂದು, ಭಾವಪೂರ್ಣ ಶ್ರದ್ಧಾಂಜಲಿಗೆ. ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿ ಮಾರುವ ಮುದುಕಿಗೆ ಯಾರಪ್ಪ ಹುಟ್ಟುಹಬ್ಬ ಮಾಡುತ್ತಾರೆ? ಲಿಸ್ಬನ್ನು, ಮೆಕ್ಸಿಕೋ ಅಂತ ಎಲ್ಲೆಲ್ಲಿಯದೋ ಊರಿನ ಗೋಡೆಗಳನ್ನು ಸಾನಿಯಾ ಫೋನಿನಲ್ಲಿ ನೋಡಿದ್ದಳು. ಅಲ್ಲಿ ಮೀನು ಮಾರುವವರು, ಬೀದಿ ಗುಡಿಸುವವರು ಮೂರು ಮಹಡಿ ಎತ್ತರಕ್ಕೆ ನಗುತ್ತಿದ್ದರು. ನಮ್ಮೂರಲ್ಲೂ ಒಬ್ಬರು ನಗಲಿ ಎಂಬ ಆಸೆ. ಉಚ್ಚೆ ಹೊಯ್ದು ಗಬ್ಬೆಬ್ಬಿಸಿದ್ದ ಗೋಡೆಗೆ ಪಟ್ಟಣ ಪಂಚಾಯಿತಿಯ ಒಪ್ಪಿಗೆ ತಂದಳು. ದೊಡ್ಡಕ್ಕ ಕಣ್ಣಿನ ಪೊರೆ ತೆಗೆಸಲು ಚಳ್ಳಕೆರೆಗೆ ಹೋಗಿ ಬರುವುದರೊಳಗೆ ಮುಗಿಸಬೇಕೆಂದು ಮೂರು ದಿನ ಬಿಸಿಲಲ್ಲಿ ಬೆಂದಳು. ಗೋಡೆಗೆ ಒಪ್ಪಿಗೆ ಕೇಳಿದವಳು ಮುಖಕ್ಕೆ ಕೇಳಿರಲಿಲ್ಲ.

ದೊಡ್ಡಕ್ಕನ ನಂಬರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್. ಯಾ ಅಲ್ಲಾ, ಆಪರೇಷನ್ನಿನಲ್ಲಿ ನಿಜವಾಗಿಯೂ ಏನಾದರೂ ಆಗಿದ್ದರೆ? ತನ್ನ ಕೈಯೇ ಅಪಶಕುನ ಬರೆದಂತಾಯಿತಲ್ಲ!

ಅಷ್ಟರಲ್ಲಿ, ಸ್ಟೇಟಸ್ಸಿನ ಸುದ್ದಿ ಮುಟ್ಟಿ, ದೇವಸಮುದ್ರದ ಬಸ್ಸಿನಿಂದ ದೊಡ್ಡಕ್ಕನ ತಂಗಿ ಪಾಲಮ್ಮ ಇಳಿದವಳೇ, ಓಡಿ ಬಂದು ಗೋಡೆಗೆ ಹಣೆ ಹಚ್ಚಿದಳು.

"ಅಕ್ಕಾ! ಒಂದು ಮಾತಾಡ್ದೆ ಹೋದ್ಯಲ್ಲೇ! ಎರಡು ಕುರಿಗೋಸ್ಕರ ಒಂಬತ್ತು ವರ್ಷ ಮಾತು ಬಿಟ್ಟು ಕುಂತಿದ್ನಲ್ಲೇ! ಆ ಕುರಿ ನಿನಗೇ ಇರ್ಲಿ, ಎದ್ದು ಬಾರೇ!"

"ಅಜ್ಜಿ, ಅವ್ರು ಸತ್ತಿಲ್ಲ ಕಣ್ರಿ," ಸಾನಿಯಾ ಅವಳ ತೋಳು ಹಿಡಿದಳು. "ಆಪರೇಷನ್‌ಗೆ ಹೋಗ್ಯಾರೆ ಅಷ್ಟೇ."

"ಅಯ್ಯಯ್ಯೋ, ಆಪರೇಷನ್ನಾಗೇ ಹೋದ್ಲಂತೆ!" ಪಾಲಮ್ಮ ಇನ್ನೂ ಜೋರಾಗಿ ಗೋಳಾಡಿದಳು. ನಿಂತಿದ್ದ ಹೆಂಗಸರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹನ್ನೊಂದೂವರೆಗೆ ಚಳ್ಳಕೆರೆ ಬಸ್ಸು ಬಂತು. ಮೊದಲು ಒಂದು ಕೈಚೀಲ ಇಳಿಯಿತು, ಆಮೇಲೆ ಕಪ್ಪು ಕನ್ನಡಕ, ಅದರ ಹಿಂದೆ ಸಾಕ್ಷಾತ್ ದೊಡ್ಡಕ್ಕ. ಸಾನಿಯಾಳಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೇ ಬಂದವು.

"ಚಾರ್ಜ್ ಮುಗ್ದು ಫೋನ್ ಸತ್ತೈತೆ," ಎನ್ನುತ್ತಾ ದೊಡ್ಡಕ್ಕ ಗೋಡೆಯ ಮುಂದೆ ಬಂದು ನಿಂತಳು. ಕನ್ನಡಕ ಎತ್ತಿ, ಹೊಸ ಕಣ್ಣಲ್ಲಿ ಮೇಲಿಂದ ಕೆಳಗೆ ನೋಡಿದಳು. "ಯಾರೇ ಈ ಮುದುಕಿ?"

"ನೀವೇ ಅಜ್ಜಿ."

"ನಾನು ಇಷ್ಟು ಮುದುಕಿ ಆಗೀನಾ? ಪೊರೆ ಇದ್ದದ್ದೇ ಚೆನ್ನಾಗಿತ್ತು ಬಿಡು."

ದನಿ ಕೇಳಿ ಪಾಲಮ್ಮ ತಿರುಗಿದಳು. ಕಿಟಾರನೆ ಕಿರುಚಿದಳು. ಅಕ್ಕನನ್ನು ಗಟ್ಟಿಯಾಗಿ ತಬ್ಬಿಕೊಂಡು ಬೆನ್ನಿಗೆ ಗುದ್ದತೊಡಗಿದಳು. "ಸಾಯೋದ್ರಲ್ಲೂ ಸುಳ್ಳು ಹೇಳ್ತೀಯೇನೇ! ಮುಂಡೇದೇ, ಹೆದರಿಸಿಬಿಟ್ಯಲ್ಲೇ!" ದೊಡ್ಡಕ್ಕನಿಗೆ ತಲೆಬುಡ ತಿಳಿಯಲಿಲ್ಲ; ತಿಳಿಯಬೇಕೆಂದೂ ಅನಿಸಲಿಲ್ಲ. ಒಂಬತ್ತು ವರ್ಷದ ಮೇಲೆ ಸಿಕ್ಕ ತಂಗಿಯನ್ನು ಬಿಡದೆ ಹಿಡಿದುಕೊಂಡು ಅವಳೂ ಅತ್ತಳು. ಈರೇಶ್ ನಾಲಿಗೆ ಕಚ್ಚಿಕೊಂಡು, ನಡೆದದ್ದನ್ನೆಲ್ಲ ಹೇಳಿ, ಇಬ್ಬರಿಗೂ ಟೀ ತಂದುಕೊಟ್ಟ.

ಸಾನಿಯಾ ಬಣ್ಣದ ಡಬ್ಬಿ ಹಿಡಿದು ಹತ್ತಿರ ಬಂದಳು. "ತಪ್ಪಾಯ್ತು ಅಜ್ಜಿ. ನಿಮ್ಮನ್ನ ಕೇಳ್ದೆ ಬರೆದೆ. ಬ್ಯಾಡ ಅಂದ್ರೆ ಸುಣ್ಣ ಬಳಿದುಬಿಡ್ತೀನಿ. ಇರ್ಲಿ ಅಂದ್ರೆ ಪಕ್ಕದಾಗೆ 'ದೊಡ್ಡಕ್ಕ ಬದುಕಿದ್ದಾರೆ' ಅಂತ ಈಗ್ಲೇ ದೊಡ್ಡಕ್ಷರದಾಗೆ ಬರೀತೀನಿ."

ದೊಡ್ಡಕ್ಕ ಅವಳ ಕೈ ಗಪ್ಪನೆ ಹಿಡಿದಳು.

"ಮುಖ ಇರ್ಲಿ. ಬದುಕೀನಿ ಅಂತ ಮಾತ್ರ ಇವತ್ತು ಬರೀಬ್ಯಾಡ ಕಣವ್ವ. ರಾಂಪುರದ ತಮ್ಮನೂ ಮಾತು ಬಿಟ್ಟು ಆರು ವರ್ಷ ಆತು. ಅವನ ಬಸ್ಸು ಇನ್ನೂ ಬಂದಿಲ್ಲ."