ಉಪ್ಪುನೀರಿನ ತಳಿ

"ತಟ್ಟೆಯಲ್ಲಿದ್ದ ಬೀಜ ಎಲ್ಲಿ ಕ್ಲೇಟನ್?"

"ತಿಂದೆ ಮೇಡಂ," ಎಂದ ಕ್ಲೇಟನ್, ತುಟಿಗೆ ಅಂಟಿದ ಸಿಪ್ಪೆ ಒರೆಸಿಕೊಳ್ಳುತ್ತ. "ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು."

ಯಾಮಿನಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕುವೈತಿನ ಯಾವ ಆಫೀಸಿಗೆ ಹೋದರೂ ಮೇಜಿನ ಮೇಲೊಂದು ತಟ್ಟೆ ಹುರಿದ ಸೂರ್ಯಕಾಂತಿ ಬೀಜ ಇರುತ್ತದೆ. ಮಾತಿನ ನಡುವೆ ಕಟುಂ ಕಟುಂ ಎಂದು ಒಡೆಯುವುದು ಎಲ್ಲರಿಗೂ ಅಭ್ಯಾಸ. ವಫ್ರಾದ ಈ ಸಂಶೋಧನಾ ತೋಟದಲ್ಲಿ ಗಾಜಿನಮನೆ ನೋಡಿಕೊಳ್ಳುವ ಮಂಗಳೂರಿನ ಕ್ಲೇಟನ್‌ಗೂ ಅದೇ ಚಟ. ಆದರೆ ಇವತ್ತಿನ ತಟ್ಟೆಯಲ್ಲಿದ್ದದ್ದು ತಿಂಡಿಯಲ್ಲ. ಉಪ್ಪುನೀರು ಕುಡಿದೂ ಬಾಡದ ಸೂರ್ಯಕಾಂತಿಗಾಗಿ ಯಾಮಿನಿ ಒಂಬತ್ತು ವರ್ಷ ಗಿಡದಿಂದ ಗಿಡಕ್ಕೆ ಪರಾಗ ಒಯ್ದು ತೆಗೆದ ತಳಿ. ಹೋದ ಬೇಸಿಗೆಯಲ್ಲಿ ಕೋಲ್ಡ್ ಸ್ಟೋರೇಜ್ ಕೆಟ್ಟು ಉಳಿದದ್ದು ಇಪ್ಪತ್ತೆರಡೇ ಬೀಜ. ಬಿತ್ತುವ ಮುಂಚೆ ಉಪ್ಪುನೀರಲ್ಲಿ ನೆನೆಸಿ ಒಣಗಲು ಹಾಕಿದ್ದಳು. ಈ ಸಲ ಹೂ ಕಾಣಿಸದಿದ್ದರೆ ಪ್ರಾಜೆಕ್ಟ್ ಖಲಾಸ್ ಎಂದು ಡೈರೆಕ್ಟರ್ ಹೇಳಿ ವಾರವಾಗಿತ್ತು.

"ಇಷ್ಟು ದಿನ ನನ್ನ ತಲೆ ತಿಂತಿದ್ರಿ. ಇವತ್ತು ತಳಿನೇ ತಿಂದ್ಬಿಟ್ರಲ್ರೀ!"

ಕ್ಲೇಟನ್‌ಗೆ ಹೆದರಿಕೆಯಾದಾಗಲೆಲ್ಲ ಮಿಮಿಕ್ರಿ ಬರುತ್ತಿತ್ತು. ಗಂಟಲು ದಪ್ಪ ಮಾಡಿ, ಯಾಮಿನಿಯನ್ನು ಅರಬ್ಬಿಯಲ್ಲೇ ಡಾಕ್ಟರ್ ಎಂದು ಕರೆಯುವ ಡೈರೆಕ್ಟರ್ ಆದ: "ಯಾ ದಕ್ತೂರಾ! ವೇರ್ ಈಸ್ ಮೈ ಫ್ಲವರ್?" ಆಮೇಲೆ ಯಾಮಿನಿಯ ಮೈಸೂರು ದನಿ ತೆಗೆದು ಹೊಟ್ಟೆ ಸವರಿಕೊಂಡ: "ಇಲ್ಲೇ ಬಿತ್ತಿದ್ದೀವಿ ಸಾರ್, ಸ್ವಲ್ಪ ಕಾಯಬೇಕು." ಅವಳು ನಗಲಿಲ್ಲ. ಅವನೂ ಬೇಗ ನಿಲ್ಲಿಸಿದ.

ಐದನೆಯ ದಿನ ಅವನು ಅವಳೊಂದಿಗೆ ಮಾತಾಡುತ್ತಲೇ ಮುಖ ಬೇರೆಡೆಗೆ ತಿರುಗಿಸಿದ. ಅಂದಿನಿಂದ ದಿನವೂ ಬೆಳಿಗ್ಗೆ ಫ್ರಿಜ್ಜಿನ ಕಡೆ ಇದ್ದ ಮುಖ ಸಂಜೆಯ ಹೊತ್ತಿಗೆ ಬಾಗಿಲ ಕಡೆ ಬಂದಿರುತ್ತಿತ್ತು. ಮೈ ಕುರ್ಚಿಯಲ್ಲೇ ಇರುತ್ತಿತ್ತು, ಕತ್ತು ಮಾತ್ರ ಗಡಿಯಾರದ ಗಂಟೆಮುಳ್ಳಿನಂತೆ, ನೋಡುತ್ತಿದ್ದರೆ ಕಾಣದ ಹಾಗೆ, ಸರಿಯುತ್ತಿತ್ತು.

"ಕತ್ತು ಹಿಡ್ಕೊಂಡಿದೆಯೇನ್ರೀ?"

"ಹಿಡ್ಕೊಂಡದ್ದಲ್ಲ ಮೇಡಂ. ಯಾರೋ ಹಿಡ್ಕೊಂಡು ತಿರುಗಿಸಿದ ಹಾಗೆ ಉಂಟು."

ಅವನ ಹೆಂಡತಿ ರಿಯೋನಾ ಫೋನ್ ಮಾಡಿದಳು. "ಮೇಡಂ, ಇವರಿಗೆ ಎಂತ ಆಗಿದೆ? ಇನ್ನೂ ಬೆಳಕಾಗಿರುವುದಿಲ್ಲ, ಎದ್ದು ಕಪಾಟಿನ ಕಡೆ ಮುಖ ಮಾಡಿ ಕೂತ್ಕೊಳ್ತಾರೆ. ರೋಜರಿ ಪ್ರಾರ್ಥನೆ ಹೇಳ್ತಾರೇನೋ ಅಂತ ನೋಡಿದ್ರೆ ತುಟಿ ಅಲ್ಲಾಡುದಿಲ್ಲ. ಸ್ವಲ್ಪ ಹೊತ್ತಲ್ಲಿ ಸರಿಯಾಗಿ ಆ ಕಪಾಟಿನ ಹಿಂದಿನಿಂದಲೇ ಸೂರ್ಯ ಬರ್ತದೆ. ಡಾಕ್ಟರಿಗೆ ತೋರಿಸ್ಲಾ?"

"ನನಗೆ ಗೊತ್ತಿರೋ ಡಾಕ್ಟರ್ ಇದ್ದಾರೆ. ನಾನು ನೋಡ್ಕೋತೀನಿ, ನೀವು ಗಾಬರಿಯಾಗ್ಬೇಡಿ," ಎಂದಳು ಯಾಮಿನಿ. ಯಾವ ಡಾಕ್ಟರಿಗೂ ಫೋನ್ ಮಾಡಲಿಲ್ಲ. ಮರುದಿನ ಕ್ಲೇಟನ್‌ನನ್ನು ಕಿಟಕಿಯಿಲ್ಲದ ಉಗ್ರಾಣದಲ್ಲಿ ಗೊಬ್ಬರದ ಚೀಲ ಎಣಿಸಲು ಕೂರಿಸಿ, ಗಂಟೆಗೊಮ್ಮೆ ಇಣುಕಿದಳು. ಟ್ಯೂಬ್‌ಲೈಟಿನ ಬೆಳಕಲ್ಲೂ ಅವನ ಮುಖ ಹೊರಗಿನ ಸೂರ್ಯನ ಜೊತೆ ಜೊತೆಗೇ ಗೋಡೆಯಿಂದ ಗೋಡೆಗೆ ಹೋಗುತ್ತಿತ್ತು. ಅವಳು ತಳಿಯ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದಳು. 'ಬಿತ್ತಿದ ದಿನ' ಎಂಬಲ್ಲಿ ಅವನು ತಟ್ಟೆ ಖಾಲಿ ಮಾಡಿದ ತಾರೀಖು ಹಾಕಿದಳು.

ತಿಂಗಳು ಕಳೆಯುವಷ್ಟರಲ್ಲಿ ಕ್ಲೇಟನ್ ಟಿಫಿನ್ ಬಾಕ್ಸ್ ತರುವುದು ನಿಲ್ಲಿಸಿದ. ಗಿಡಗಳಿಗೆ ಬಿಡುವ ಉಪ್ಪುನೀರಿನ ಪೈಪಿಗೆ ಬಾಯಿಟ್ಟು ಕುಡಿಯುತ್ತಿದ್ದ.

"ವಾಂತಿ ಬರಲ್ವಾ?"

"ಇಲ್ಲ ಮೇಡಂ. ಸಿಹಿನೀರು ಕುಡಿದ್ರೆ ಬರ್ತದೆ." ಅವನ ಕಣ್ಣು ತುಂಬಿತ್ತು. "ನನಗೆ ಹೆದರಿಕೆ ಆಗ್ತದೆ. ಈಗ ಯಾರ ದನಿಯೂ ಬರುದಿಲ್ಲ, ಗೊತ್ತುಂಟಾ? ರಿಯೋನಾ ಕೇಳಿದ್ಳು ಅಂತ ಡೈರೆಕ್ಟರದ್ದು ಮಾಡ್ಲಿಕ್ಕೆ ಹೋದೆ. ಬರೀ ಗಾಳಿ ಬಂತು."

ಯಾಮಿನಿ ಅವನ ಬೆನ್ನು ತಟ್ಟಿದಳು. ಅವನು ಅತ್ತ ಹೋದ ಮೇಲೆ ಬರೆದಳು: 'ಬಾಡಿಲ್ಲ.' ಒಂಬತ್ತು ವರ್ಷದಲ್ಲಿ ಆ ಮಾತನ್ನು ಅವಳು ಬರೆದದ್ದು ಎರಡೇ ಸಲ. ಸಂತೋಷಕ್ಕೆ ಅದರಡಿ ಎರಡೆರಡು ಗೆರೆ ಎಳೆದಳು.

ಐವತ್ತೆಂಟನೆಯ ದಿನ ಕ್ಲೇಟನ್ ಗಾಜಿನಮನೆಗೆ ಬಂದವನೇ ಪೂರ್ವಕ್ಕೆ ಮುಖ ಮಾಡಿ ನಿಂತ. ಹನ್ನೆರಡಾಯಿತು, ಮೂರಾಯಿತು, ಕತ್ತು ಕದಲಲಿಲ್ಲ. "ತಿರುಗುದು ನಿಂತಿತು ಮೇಡಂ!" ಎಂದ, ಗೋಡೆಗೆ ಹೇಳುವವನಂತೆ. "ಗುಣ ಆಯ್ತು ಕಾಣ್ತದೆ, ಅಲ್ವಾ? ಆದ್ರೂ ರಿಯೋನಾ ಕೇಳುದಿಲ್ಲ. ಇವತ್ತು ಆಸ್ಪತ್ರೆಗೆ ಹೋಗ್ಲೇಬೇಕಂತೆ, ಕಾರು ತಕ್ಕೊಂಡು ಬಂದಿದ್ದಾಳೆ. ಹೋಗ್ಲಾ?"

ಎಳೆಯ ಸೂರ್ಯಕಾಂತಿ ದಿನವಿಡೀ ಸೂರ್ಯನ ಹಿಂದೆ ತಿರುಗುತ್ತದೆ. ಹೂ ಬಿರಿಯುವ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಬೇರೆ ಹೂವಿನ ಪರಾಗ ಸೋಕಿ ತಳಿ ಕೆಡಬಾರದೆಂದರೆ ಆಗಲೇ, ಬಿರಿಯುವ ಮುಂಚೆಯೇ, ಬಟ್ಟೆಯ ಚೀಲ ಹಾಕಿ ಕಟ್ಟಿಬಿಡಬೇಕು. ಒಂದು ದಿನ ತಡವಾದರೂ ಮುಗಿಯಿತು.

ಎಲ್ಲಿಂದಲೋ ಬಂದ ಒಂದು ಜೇನುನೊಣ ಅವನ ಕಿವಿಯ ಸುತ್ತ ಒಂದು ಸುತ್ತು ಹಾರಿ, ಇನ್ನೂ ಹೊತ್ತಿದೆ ಎಂಬಂತೆ ಹತ್ತಿರದ ಗಾಜಿನ ಮೇಲೆ ಕೂತು ಕಾಯತೊಡಗಿತು. ಹೊರಗೆ ರಿಯೋನಾ ಹಾರ್ನ್ ಹೊಡೆದಳು. ಯಾಮಿನಿ ಒಳಗಿಂದ ಚಿಲಕ ಹಾಕಿ, ಕಪಾಟಿನಲ್ಲಿದ್ದ ಬಿಳಿ ಚೀಲಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕೊಡವಿ ಬಿಡಿಸಿ, ಅವನ ಬೆನ್ನ ಹಿಂದೆ ಬಂದು ನಿಂತಳು.

"ಸ್ವಲ್ಪ ತಲೆ ಬಗ್ಗಿಸಿ, ಕ್ಲೇಟನ್."