ಅಧ್ಯಕ್ಷರ ಫೋನು

ಉಚಿತ ಆಂಬುಲೆನ್ಸ್ ನಡೆಸುವ ಆ ಸೇವಾ ಸಮಿತಿಯಲ್ಲೊಂದು ಪದ್ಧತಿ: ಸಭೆಗೆ ಬಾರದವರೇ ಮುಂದಿನ ಅಧ್ಯಕ್ಷರು. ಆಂಬುಲೆನ್ಸಿನ ಫೋನು ಹಗಲೂ ರಾತ್ರಿ ಅಧ್ಯಕ್ಷರ ಬಳಿಯೇ ಇರಬೇಕು. ಹಿಂದಿನ ಅಧ್ಯಕ್ಷರು ಈಗಲೂ ಹಾಲಿನವನು ಬೆಲ್ ಮಾಡಿದರೆ "ಹೊರಟಿದೆ, ಹೊರಟಿದೆ" ಎಂದು ಬೆಚ್ಚಿ ಏಳುತ್ತಾರಂತೆ.

ಅದಕ್ಕೇ ಪಂಕಜಮ್ಮ ಚಳಿಜ್ವರದಲ್ಲೇ ಸಭೆಗೆ ಓಡಿಬಂದರು. ನೋಡಿದರೆ ಎಲ್ಲರೂ ಹಾಜರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಖಜಾಂಚಿಯೂ ಬಂದಿದ್ದರು.

"ಯಾರೂ ತಪ್ಪಿಸ್ಕೊಂಡಿಲ್ವಲ್ರೀ! ಈಗ ಯಾರನ್ನ ಮಾಡೋದು?" ಕಾರ್ಯದರ್ಶಿ ಬಿಳಿಚಿಕೊಂಡರು.

ಖಜಾಂಚಿ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ತೋರಿಸಿದರು. "ಸ್ಥಾಪಕರು ಬಂದಿಲ್ವಲ್ಲ, ಅವರೇ ಆಗ್ಲಿ. ಬೇಡ ಅನ್ನೋರಲ್ಲ."

ತೀರಿಹೋದವರು ಅವಿರೋಧವಾಗಿ ಆಯ್ಕೆಯಾದರು. ಫೋನನ್ನು ಫೋಟೊದ ಕೆಳಗಿಟ್ಟರು. ಪಂಕಜಮ್ಮನಿಗೆ ಹೋದ ಜೀವ ಬಂತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಲ್ಲರೂ ಕೈಕಟ್ಟಿಕೊಂಡು ಫೋಟೊವನ್ನೇ ನೋಡಿದರು. ಫೋನಿನ ಸದ್ದು ನಿಲ್ಲಲೇ ಇಲ್ಲ.

"ಯಾರಾದ್ರೂ ಎತ್ರೀ! ಅಲ್ಲಿ ಯಾರ ಜೀವ ಹೋಗ್ತಿದ್ಯೋ ಏನೋ!" ಎಂದರು ಪಂಕಜಮ್ಮ.

ಯಾರೂ ಅಲ್ಲಾಡಲಿಲ್ಲ.

ಕೊನೆಗೆ ಪಂಕಜಮ್ಮನೇ ಎತ್ತಿದರು. "ಹಲೋ, ಎಲ್ಲಿಗೆ ಬರ್ಬೇಕು ಹೇಳಿ?"

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಖಜಾಂಚಿ ಕುಂಟುತ್ತಾ ಬಂದು, ಫೋಟೊದ ಹಾರ ತೆಗೆದು ಅವರ ಕೊರಳಿಗೆ ಹಾಕಿದರು.